ಅಣುವಿನ ನೆರೆಹೊರೆ



ಔಷಧದ ಅಣುವೊಂದರ ರಚನೆಯನ್ನು ಕರಿಹಲಗೆಯ ಮೇಲೆ ಬರೆದಿಟ್ಟುಕೊಂಡು, ಅದು ಡಬ್ಬಿಯೊಳಗೆ ಏನಾಗಬಹುದು, ಜಠರದಲ್ಲಿ ಏನಾಗಬಹುದು, ರಕ್ತದಲ್ಲಿ, ಲಿವರಿನಲ್ಲಿ ಏನಾಗಬಹುದು ಎಂದು ಪ್ರಯೋಗಕ್ಕೆ ಮುಂಚೆಯೇ ಹೇಳಬಹುದೆ? ಹೇಳಬಹುದು. ಹೇಳಲೇಬೇಕು ಕೂಡ, ಆ ಅಣುವನ್ನು ನುಂಗುವವರು ನಾವು, ನಮ್ಮ ಮನೆಯ ಮಕ್ಕಳು, ಮುದುಕರು. ಹೇಗೆ ಹೇಳುವುದು, ಹೇಳುವಾಗ ಎಲ್ಲಿ ಎಡವುತ್ತೇವೆ ಎಂಬುದೇ ಇಂದಿನ ಮಾತು. ಹತ್ತಾರು ಔಷಧಗಳನ್ನು ಮುಟ್ಟಿ ಮುಂದೆ ಹೋಗುವುದಕ್ಕಿಂತ ಕೆಲವನ್ನು ಕೂತು ನೋಡುವುದು ಮೇಲು ಎಂದುಕೊಂಡು ಬಂದಿದ್ದೇನೆ.

ಮೊದಲು ಎರಡು ಮಾತು ತಳಪಾಯಕ್ಕೆ. ಔಷಧದ ಅಣುವಿನ ಬಹುಭಾಗ ಇಂಗಾಲ ಮತ್ತು ಜಲಜನಕದ ಚೌಕಟ್ಟು. ಅದು ಸಾಮಾನ್ಯವಾಗಿ ಯಾರ ತಂಟೆಗೂ ಹೋಗುವುದಿಲ್ಲ. ಆ ಚೌಕಟ್ಟಿನ ಮೇಲೆ ಅಲ್ಲಲ್ಲಿ ಆಮ್ಲಜನಕ, ಸಾರಜನಕ, ಗಂಧಕದಂಥ ಪರಮಾಣುಗಳು ಕೂಡಿಕೊಂಡು ಚಿಕ್ಕಚಿಕ್ಕ ಗುಂಪುಗಳಾಗಿರುತ್ತವೆ: ಆಲ್ಕೋಹಾಲ್, ಫೀನಾಲ್, ಅಮೀನ್, ಎಸ್ಟರ್, ಅಮೈಡ್, ಕಾರ್ಬಾಕ್ಸಿಲಿಕ್ ಆಮ್ಲ. ಇವೇ ಕ್ರಿಯಾಗುಂಪುಗಳು. ಇಲೆಕ್ಟ್ರಾನ್ ಹೆಚ್ಚಾಗಿರುವ ಜಾಗದಿಂದ ಇಲೆಕ್ಟ್ರಾನ್ ಕೊರತೆಯಿರುವ ಜಾಗಕ್ಕೆ ಹರಿವು ನಡೆದರೆ ಒಂದು ಬಂಧ ಹುಟ್ಟುತ್ತದೆ, ಇನ್ನೊಂದು ಕಡಿಯುತ್ತದೆ. ಎಸ್ಟರ್ ಕಂಡರೆ ನೀರಿನಿಂದ ಒಡೆಯಬಹುದು, ಫೀನಾಲ್ ಕಂಡರೆ ಉತ್ಕರ್ಷಣವಾಗಬಹುದು, ಪ್ರಾಥಮಿಕ ಅಮೀನ್ ಕಂಡರೆ ಆಲ್ಡಿಹೈಡಿನ ಜೊತೆ ಕೂಡಬಹುದು ಎಂದು ಪಠ್ಯಪುಸ್ತಕ ಕಲಿಸುತ್ತದೆ.

ಇಷ್ಟು ಕಲಿತವರು ಸಾಧ್ಯತೆಗಳ ಪಟ್ಟಿ ಬರೆಯಬಲ್ಲರು. ಆ ಪಟ್ಟಿಯಲ್ಲಿ ಯಾವುದು ನಿಜವಾಗಿ ನಡೆಯುತ್ತದೆ, ಎಷ್ಟು ಬೇಗ ನಡೆಯುತ್ತದೆ ಎಂಬುದನ್ನು ತೀರ್ಮಾನಿಸುವುದು ಗುಂಪಿನ ನೆರೆಹೊರೆ. ಒಂದೇ ಓದು ಓದಿದ ಇಬ್ಬರು ಬೇರೆ ಬೇರೆ ಕೇರಿಯಲ್ಲಿ ಬೇರೆ ಥರ ಬಾಳುವಂತೆ, ಒಂದೇ ಎಸ್ಟರ್ ಬೇರೆ ಅಣುವಿನಲ್ಲಿ, ಬೇರೆ ದ್ರಾವಣದಲ್ಲಿ, ಬೇರೆ ದೇಹದಲ್ಲಿ ಬೇರೆ ಬಾಳು ಬಾಳುತ್ತದೆ. ಈ ಒಂದು ಮಾತನ್ನು ನಿಮ್ಮ ಮನಸ್ಸಿಗೆ ದಾಟಿಸಲು ಸಾಧ್ಯವಾದರೆ ನನಗೆ ಸಾಕು.

ಆಸ್ಪಿರಿನ್ ತೆಗೆದುಕೊಳ್ಳೋಣ. ಜರ್ಮನಿಯ ಬೇಯರ್ ಕಂಪನಿಯಲ್ಲಿ ಫೆಲಿಕ್ಸ್ ಹಾಫ್‌ಮನ್ 1897ರಲ್ಲಿ ಶುದ್ಧ ರೂಪದಲ್ಲಿ ತಯಾರಿಸಿದ ಅಣು. ಬೆನ್ಜೀನ್ ಉಂಗುರದ ಮೇಲೆ ಅಕ್ಕಪಕ್ಕದಲ್ಲಿ ಎರಡೇ ಗುಂಪುಗಳು: ಒಂದು ಕಾರ್ಬಾಕ್ಸಿಲಿಕ್ ಆಮ್ಲ, ಇನ್ನೊಂದು ಎಸ್ಟರ್. ಎಸ್ಟರ್ ಎಂದ ಮೇಲೆ ನೀರು ಅದನ್ನು ಒಡೆಯಬೇಕು. ಒಡೆದರೆ ಸ್ಯಾಲಿಸಿಲಿಕ್ ಆಮ್ಲ ಮತ್ತು ಅಸಿಟಿಕ್ ಆಮ್ಲ ಸಿಗಬೇಕು. ಹಾಗೆಯೇ ಆಗುತ್ತದೆ. ತೇವ ತಾಗಿದ ಹಳೆಯ ಆಸ್ಪಿರಿನ್ ಡಬ್ಬಿಯ ಮುಚ್ಚಳ ತೆಗೆದರೆ ವಿನೆಗರ್ ವಾಸನೆ ಮೂಗಿಗೆ ಬಡಿಯುವುದು ಇದಕ್ಕೇ. ಪಿಯುಸಿ ಪ್ರಯೋಗಾಲಯದಲ್ಲಿ ಫೀನಾಲನ್ನು ಗುರುತಿಸಲು ನೀವು ಫೆರಿಕ್ ಕ್ಲೋರೈಡ್ ಹಾಕಿ ನೇರಳೆ ಬಣ್ಣ ನೋಡಿದ್ದೀರಿ. ಶುದ್ಧ ಆಸ್ಪಿರಿನ್ ಆ ಬಣ್ಣ ಕೊಡುವುದಿಲ್ಲ, ಏಕೆಂದರೆ ಅದರ ಫೀನಾಲ್ ಎಸ್ಟರಿನ ಮರೆಯಲ್ಲಿದೆ. ಕೆಟ್ಟ ಆಸ್ಪಿರಿನ್ ನೇರಳೆಯಾಗುತ್ತದೆ. ರಚನೆಯಿಂದ ಹೊರಟ ಊಹೆಯನ್ನು ಪರೀಕ್ಷಾನಳಿಕೆಯಲ್ಲಿ ಒಂದೇ ನಿಮಿಷದಲ್ಲಿ ಒರೆಗೆ ಹಚ್ಚಬಹುದು.

ಇಲ್ಲಿಯವರೆಗೆ ಪಟ್ಟಿಯ ಮಾತಾಯಿತು. ಈಗ ವೇಗದ ಮಾತು. ಆಸ್ಪಿರಿನ್ನಿನ ಎಸ್ಟರ್, ತಟಸ್ಥ ನೀರಿನಲ್ಲಿ ಅದರಂಥ ಸಾಮಾನ್ಯ ಎಸ್ಟರಿಗಿಂತ ಬಹಳ ಬೇಗ ಒಡೆಯುತ್ತದೆ. ಕೋಣೆಯ ಉಷ್ಣತೆಯಲ್ಲಿ, ನೀರಿನಲ್ಲಿ ಕರಗಿಸಿಟ್ಟ ಆಸ್ಪಿರಿನ್ನಿನಲ್ಲಿ ಅರ್ಧ ಭಾಗ ಸುಮಾರು ಎರಡು ದಿನದಲ್ಲಿ ಹೋಗಿಬಿಡುತ್ತದೆ. ಕಾರಣ ಪಕ್ಕದಲ್ಲೇ ಕುಳಿತಿರುವ ಕಾರ್ಬಾಕ್ಸಿಲಿಕ್ ಆಮ್ಲ. ಅದು ತನ್ನ ಪ್ರೋಟಾನನ್ನು ಕಳೆದುಕೊಂಡು ಋಣ ವಿದ್ಯುದಂಶ ಹೊತ್ತಾಗ, ಹತ್ತಿರ ಬಂದ ನೀರಿನ ಅಣುವಿನಿಂದ ಒಂದು ಪ್ರೋಟಾನನ್ನು ತನ್ನತ್ತ ಎಳೆಯುತ್ತದೆ. ಹಾಗೆ ಎಳೆದಾಗ ಆ ನೀರಿನ ಆಮ್ಲಜನಕಕ್ಕೆ ಎಸ್ಟರಿನ ಇಂಗಾಲದ ಮೇಲೆ ಎರಗುವ ಬಲ ಬರುತ್ತದೆ. 1967ರಲ್ಲಿ ಆಲನ್ ಫರ್ಷ್ಟ್ ಮತ್ತು ಆಂಥೊನಿ ಕರ್ಬಿ ಇದನ್ನು ಸ್ಪಷ್ಟಪಡಿಸಿದರು. ಅದಕ್ಕೂ ಮುಂಚೆ, ಪಕ್ಕದ ಗುಂಪೇ ನೇರವಾಗಿ ಎಸ್ಟರಿನ ಮೇಲೆ ಎರಗುತ್ತದೆಂಬ ವಿವರಣೆ ಚಲಾವಣೆಯಲ್ಲಿತ್ತು. ಇಲೆಕ್ಟ್ರಾನ್ ಹರಿವನ್ನು ತೋರಿಸುವ ಬಾಣ ಬರೆದರೆ ಕಾಗದದ ಮೇಲೆ ಎರಡು ಬಾಣಗಳೂ ಸಲೀಸಾಗಿ ಬರುತ್ತವೆ. ಯಾವ ಬಾಣ ನಿಜವೆಂದು ಹೇಳಿದ್ದು ವೇಗದ ಅಳತೆ. ಆಸ್ಪಿರಿನ್ ಸಿರಪ್ ರೂಪದಲ್ಲಿ ಅಂಗಡಿಗೆ ಬಾರದೆ ಮಾತ್ರೆಯಾಗಿಯೇ ಉಳಿದದ್ದರ ಹಿಂದೆ ಈ ನೆರೆಮನೆಯ ಆಮ್ಲವಿದೆ.

ಇನ್ನೂ ಸೊಗಸಾದ ಸಂಗತಿ ಮುಂದಿದೆ. ಆಸ್ಪಿರಿನ್ ಔಷಧವಾಗಿ ಕೆಲಸ ಮಾಡುವುದು ಕೂಡ ಇದೇ ಎಸ್ಟರ್ ಒಡೆಯುವುದರಿಂದ. ಜಾನ್ ವೇನ್ 1971ರಲ್ಲಿ ಆಸ್ಪಿರಿನ್ ಪ್ರೋಸ್ಟಾಗ್ಲಾಂಡಿನ್‌ಗಳ ತಯಾರಿಕೆಯನ್ನು ತಡೆಯುತ್ತದೆ ಎಂದು ತೋರಿಸಿದರು. 1982ರಲ್ಲಿ ಅವರಿಗೆ ನೊಬೆಲ್ ಬಂತು. ಆ ತಯಾರಿಕೆಯ ಕಿಣ್ವ ಸೈಕ್ಲೋಆಕ್ಸಿಜನೇಸ್. ಅದರ ಕ್ರಿಯಾಸ್ಥಳದ ಹಾದಿಯಲ್ಲಿ ಸೆರೀನ್ ಎಂಬ ಅಮೈನೋ ಆಮ್ಲವಿದೆ, ಅದರ ತುದಿಯಲ್ಲಿ ಒಂದು ಆಲ್ಕೋಹಾಲ್ ಗುಂಪು. ಆಸ್ಪಿರಿನ್ ಅಲ್ಲಿಗೆ ಹೋದಾಗ ತನ್ನ ಅಸಿಟೈಲ್ ತುಂಡನ್ನು ನೀರಿಗೆ ಕೊಡುವ ಬದಲು ಆ ಸೆರೀನಿಗೆ ಕೊಡುತ್ತದೆ. ಅಸಿಟೈಲ್ ಅಂಟಿದ ಕಿಣ್ವದ ಬಾಗಿಲು ಮುಚ್ಚಿದಂತೆ. ರಕ್ತದ ಪ್ಲೇಟ್‌ಲೆಟ್‌ಗಳಿಗೆ ಕೋಶಕೇಂದ್ರವಿಲ್ಲ, ಹಾಗಾಗಿ ಹೊಸ ಕಿಣ್ವ ಮಾಡಿಕೊಳ್ಳಲಾರವು. ಅವುಗಳ ಆಯುಸ್ಸು ಎಂಟು-ಹತ್ತು ದಿನ, ಅಷ್ಟೂ ದಿನ ರಕ್ತ ಹೆಪ್ಪುಗಟ್ಟುವುದಕ್ಕೆ ಬಿದ್ದ ತಡೆ ಉಳಿಯುತ್ತದೆ. ಹೃದಯಾಘಾತವಾದವರಿಗೆ ದಿನಕ್ಕೊಂದು 75 ಮಿಲಿಗ್ರಾಂ ಮಾತ್ರೆ ಸಾಕಾಗುವುದು ಇದರಿಂದ; ರಕ್ತದಲ್ಲಿ ಆಸ್ಪಿರಿನ್ ಉಳಿಯುವುದು ಕೆಲವೇ ನಿಮಿಷಗಳಾದರೂ.

ನೀರಿಗೆ ಅಸಿಟೈಲ್ ಕೊಟ್ಟರೆ ಮಾತ್ರೆ ಕೆಟ್ಟಿತು ಎನ್ನುತ್ತೇವೆ. ಸೆರೀನಿಗೆ ಕೊಟ್ಟರೆ ಜೀವ ಉಳಿಯಿತು ಎನ್ನುತ್ತೇವೆ. ರಸಾಯನಶಾಸ್ತ್ರದ ಕಣ್ಣಿಗೆ ಇವೆರಡೂ ಒಂದೇ ಬಗೆಯ ಕ್ರಿಯೆ. ಆದ್ದರಿಂದ ಔಷಧದ ಅಣುವಿನಲ್ಲಿ ಚುರುಕಾದ ಗುಂಪು ಕಂಡ ಕೂಡಲೇ ಅದನ್ನು ದೋಷವೆಂದು ಗುರುತು ಹಾಕುವ ಅಭ್ಯಾಸ ನನಗೆ ಒಪ್ಪಿಗೆಯಿಲ್ಲ. ಯಾರ ಎದುರಿಗೆ ಚುರುಕು ಎಂದು ಮೊದಲು ಕೇಳಬೇಕು.

ಈಗ ಪೆನಿಸಿಲಿನ್. ಇದರಲ್ಲಿ ಊಹೆ ಮಾಡುವವರಿಗೆ ಬಹು ದೊಡ್ಡ ಪಾಠವಿದೆ. 1928ರಲ್ಲಿ ಫ್ಲೆಮಿಂಗ್ ಕಂಡ ಈ ವಸ್ತುವಿನ ರಚನೆ ಏನೆಂಬ ಬಗ್ಗೆ ಎರಡನೇ ಮಹಾಯುದ್ಧದ ದಿನಗಳಲ್ಲಿ ದೊಡ್ಡ ವಿವಾದ ನಡೆಯಿತು. ಸರ್ ರಾಬರ್ಟ್ ರಾಬಿನ್ಸನ್ ಆ ಕಾಲದ ಸಾವಯವ ರಸಾಯನಶಾಸ್ತ್ರದ ಮಹಾಗುರು. ಇಲೆಕ್ಟ್ರಾನ್ ಹರಿವನ್ನು ಬಾಗಿದ ಬಾಣದಿಂದ ತೋರಿಸುವ ಪದ್ಧತಿಯನ್ನು 1920ರ ದಶಕದಲ್ಲಿ ರೂಢಿಗೆ ತಂದವರಲ್ಲಿ ಒಬ್ಬರು. ಅವರು ಪೆನಿಸಿಲಿನ್ನಿನಲ್ಲಿ ಐದು ಪರಮಾಣುಗಳ ಎರಡು ಉಂಗುರಗಳಿವೆ ಎಂದು ವಾದಿಸಿದರು. ನಾಲ್ಕು ಪರಮಾಣುಗಳ ಅಮೈಡ್ ಉಂಗುರ, ಅಂದರೆ ಬೀಟಾ-ಲ್ಯಾಕ್ಟಮ್, ಇದೆ ಎಂದು ಇನ್ನೊಂದು ಪಕ್ಷ. ಅಮೈಡ್ ಎಂದರೆ ಗಟ್ಟಿ ಗುಂಪು. ನಮ್ಮ ಮೈಯ ಪ್ರೋಟೀನುಗಳೆಲ್ಲ ಅಮೈಡ್ ಬಂಧದಿಂದ ಹೆಣೆದವು; ಅವು ನೀರಿನಲ್ಲಿ ವರ್ಷಗಟ್ಟಲೆ ಇರಬಲ್ಲವು. ಪೆನಿಸಿಲಿನ್ ಆದರೋ ಆಮ್ಲ ತಾಗಿದರೆ ಕೆಡುತ್ತದೆ, ಕ್ಷಾರ ತಾಗಿದರೆ ಕೆಡುತ್ತದೆ. ಇಷ್ಟು ಸೂಕ್ಷ್ಮವಾದ ವಸ್ತುವಿನಲ್ಲಿ ಅಮೈಡ್ ಎಲ್ಲಿಂದ ಬಂತು?

ಡೊರೊಥಿ ಹಾಡ್ಜ್‌ಕಿನ್ ಮತ್ತು ಅವರ ಸಂಗಡಿಗರು 1945ರಲ್ಲಿ ಎಕ್ಸ್-ಕಿರಣಗಳ ಮೂಲಕ ಹರಳಿನೊಳಗಿನ ಪರಮಾಣುಗಳ ಸ್ಥಾನ ಗುರುತಿಸಿ ಜಗಳ ಬಿಡಿಸಿದರು. ನಾಲ್ಕರ ಉಂಗುರವೇ ನಿಜ. ಸಾಧಾರಣ ಅಮೈಡಿನಲ್ಲಿ ಸಾರಜನಕ ತನ್ನ ಇಲೆಕ್ಟ್ರಾನ್ ಜೋಡಿಯನ್ನು ಪಕ್ಕದ ಕಾರ್ಬೊನಿಲ್ ಗುಂಪಿನ ಜೊತೆ ಹಂಚಿಕೊಳ್ಳುತ್ತದೆ. ಹಾಗೆ ಹಂಚಿಕೊಳ್ಳಲು ಆ ಪರಮಾಣುಗಳು ಒಂದೇ ಸಮತಲದಲ್ಲಿರಬೇಕು, ಕಾರ್ಬೊನಿಲ್ ಇಂಗಾಲದ ಸುತ್ತ ಕೋನಗಳು 120 ಡಿಗ್ರಿಯ ಆಸುಪಾಸಿನಲ್ಲಿರಬೇಕು. ಪೆನಿಸಿಲಿನ್ನಿನಲ್ಲಿ ನಾಲ್ಕರ ಉಂಗುರ ಕೋನವನ್ನು 90 ಡಿಗ್ರಿಯ ಹತ್ತಿರಕ್ಕೆ ಬಗ್ಗಿಸಿದೆ. ಅದಕ್ಕೆ ಬೆಸೆದ ಐದರ ಉಂಗುರ ಸಾರಜನಕವನ್ನು ಸಮತಲದಿಂದ ಹೊರಗೆ ಎಳೆದಿದೆ. ಹಂಚಿಕೆ ತಪ್ಪಿತು, ಬಂಧ ಸದಾ ಬಿಗಿತದಲ್ಲಿದೆ, ಯಾರಾದರೂ ಬಂದು ಎರಗಿದರೆ ಬಿಚ್ಚಿಕೊಳ್ಳುತ್ತದೆ. ರಾಬಿನ್ಸನ್ನರಂಥವರು ಎಡವಿದ್ದು ತಿಳುವಳಿಕೆ ಸಾಲದೆ ಅಲ್ಲ. ಸಾವಿರ ಅಮೈಡುಗಳ ನಡತೆಯಿಂದ ಸಾವಿರದೊಂದನೆಯದನ್ನು ಅಳೆದರು. ಈ ಎಡವು ಇಂದಿನ ಕಂಪ್ಯೂಟರುಗಳಿಗೂ ಇದೆ. ಅಲ್ಲಿಗೆ ಆಮೇಲೆ ಬರುತ್ತೇನೆ.

ಬ್ಯಾಕ್ಟೀರಿಯಾದ ಗೋಡೆ ಕಟ್ಟುವ ಕಿಣ್ವದಲ್ಲಿಯೂ ಒಂದು ಸೆರೀನ್ ಇದೆ. ಅದು ಈ ಬಿಗಿದ ಉಂಗುರವನ್ನು ಒಡೆದು ತಾನೇ ಸಿಕ್ಕಿಕೊಳ್ಳುತ್ತದೆ. ಗೋಡೆಯ ಕೆಲಸ ನಿಲ್ಲುತ್ತದೆ. ಆಸ್ಪಿರಿನ್ನಿನ ಕಥೆಯೇ ಇನ್ನೊಂದು ವೇಷದಲ್ಲಿ. ಪೆನಿಸಿಲಿನ್ ಒಡೆಯುವ ಕಿಣ್ವವೊಂದನ್ನು ಎಡ್ವರ್ಡ್ ಅಬ್ರಹಾಂ ಮತ್ತು ಅರ್ನ್ಸ್ಟ್ ಚೇನ್ 1940ರಲ್ಲೇ ವರದಿ ಮಾಡಿದ್ದರು, ಆ ಔಷಧ ಜನಸಾಮಾನ್ಯರಿಗೆ ಸಿಗುವುದಕ್ಕೂ ಮುಂಚೆ. ನಮ್ಮ ಔಷಧಕ್ಕೆ ಬ್ಯಾಕ್ಟೀರಿಯಾ ಕೊಡಬಹುದಾದ ಉತ್ತರ ಆ ಉಂಗುರದ ರಚನೆಯಲ್ಲೇ ಬರೆದಿತ್ತು.

ಆರಂಭದ ಪೆನಿಸಿಲಿನ್ನನ್ನು ಚುಚ್ಚಿಯೇ ಕೊಡಬೇಕಿತ್ತು, ಜಠರದ ಆಮ್ಲದಲ್ಲಿ ಅದು ನಿಲ್ಲುತ್ತಿರಲಿಲ್ಲ. ಅಲ್ಲಿಯೂ ಅಪರಾಧಿ ಒಳಗಿನವನೇ: ಪಕ್ಕದ ಸರಪಳಿಯ ಅಮೈಡಿನ ಆಮ್ಲಜನಕ ಬಾಗಿ ಬಂದು ನಾಲ್ಕರ ಉಂಗುರದ ಮೇಲೆ ಎರಗುತ್ತದೆ. ಆ ಸರಪಳಿಗೆ ಇಲೆಕ್ಟ್ರಾನ್ ಸೆಳೆಯುವ ಒಂದು ಆಮ್ಲಜನಕವನ್ನು ಸೇರಿಸಿದರೆ ಎರಗುವ ಶಕ್ತಿ ಕುಗ್ಗಬೇಕು. 1950ರ ದಶಕದಲ್ಲಿ ಬಂದ ಪೆನಿಸಿಲಿನ್-ವಿ ಹಾಗೆಯೇ ಇದೆ, ಅದನ್ನು ಬಾಯಿಯಿಂದ ಕೊಡಬಹುದು. ಮಕ್ಕಳಿಗೆ ಕೊಡುವ ಅಮಾಕ್ಸಿಸಿಲಿನ್-ಕ್ಲಾವುಲನಿಕ್ ಆಮ್ಲದ ಡ್ರೈ ಸಿರಪ್ ಪುಡಿಯಾಗಿಯೇ ಬರುವುದು, ಕುದಿಸಿ ಆರಿಸಿದ ನೀರು ಬೆರೆಸಿದ ಮೇಲೆ ಫ್ರಿಜ್ಜಿನಲ್ಲಿಟ್ಟು ಏಳು ದಿನದೊಳಗೆ ಮುಗಿಸಬೇಕೆಂಬುದು ಇದೇ ಉಂಗುರದ ದೆಸೆಯಿಂದ. ಉಳಿದ ಸಿರಪ್ಪನ್ನು ಮುಂದಿನ ಜ್ವರಕ್ಕೆಂದು ಎತ್ತಿಡುವ ತಾಯಂದಿರಿಗೆ ದಯವಿಟ್ಟು ಇದನ್ನು ಹೇಳಿ.

ಈವರೆಗೆ ಅಣುವಿನ ಒಳಗಿನ ನೆರೆ ಕಂಡೆವು. ಒಂದೇ ಮಾತ್ರೆಯಲ್ಲಿ ಎರಡು ಔಷಧಗಳನ್ನು ಕೂಡಿಟ್ಟರೆ? ನಮ್ಮ ದೇಶಕ್ಕೆ ಇದು ಪುಸ್ತಕದ ಪ್ರಶ್ನೆಯಲ್ಲ. ಕ್ಷಯರೋಗಿಗಳಿಗೆ ಕೊಡುವ ಸಂಯುಕ್ತ ಮಾತ್ರೆಯಲ್ಲಿ ರಿಫಾಂಪಿಸಿನ್, ಐಸೋನಿಯಾಜಿಡ್, ಪೈರಜಿನಮೈಡ್, ಎಥಾಂಬ್ಯುಟಾಲ್ ಒಟ್ಟಿಗಿರುತ್ತವೆ. ಇಂಥ ಮಾತ್ರೆ ಬಹಳ ಒಳ್ಳೆಯ ಉದ್ದೇಶದ್ದು: ರೋಗಿ ಒಂದನ್ನು ನುಂಗಿ ಇನ್ನೊಂದನ್ನು ಬಿಡುವಂತಿಲ್ಲ, ಹಾಗಾಗಿ ಔಷಧಕ್ಕೆ ಬಗ್ಗದ ಕ್ಷಯ ಹುಟ್ಟುವುದು ಕಡಿಮೆಯಾಗುತ್ತದೆ. ಆದರೆ ಕೆಲವು ಸಂಯುಕ್ತ ಮಾತ್ರೆಗಳನ್ನು ತೆಗೆದುಕೊಂಡಾಗ ರಕ್ತಕ್ಕೆ ಸೇರುವ ರಿಫಾಂಪಿಸಿನ್ ನಿರೀಕ್ಷೆಗಿಂತ ಕಡಿಮೆ ಇರುವುದು ಕಂಡುಬಂತು. ಮೊಹಾಲಿಯ ರಾಷ್ಟ್ರೀಯ ಔಷಧ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಯ ಸರಣ್‌ಜಿತ್ ಸಿಂಗ್ ಮತ್ತು ಅವರ ವಿದ್ಯಾರ್ಥಿಗಳು 2000ದ ಆಸುಪಾಸಿನಲ್ಲಿ ಇದರ ಬೆನ್ನು ಹತ್ತಿದರು.

ರಚನೆ ನೋಡಿ. ರಿಫಾಂಪಿಸಿನ್ ದೊಡ್ಡ ಅಣು, ಇಟ್ಟಿಗೆ ಕೆಂಪು ಬಣ್ಣ. ಅದನ್ನು ತೆಗೆದುಕೊಳ್ಳುವವರ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುವುದು ಮನೆಮಂದಿಗೆಲ್ಲ ಗೊತ್ತು. ಅದರ ಒಂದು ಪಾರ್ಶ್ವದಲ್ಲಿ ಹೈಡ್ರಜೋನ್ ಎಂಬ ಗುಂಪಿದೆ: ಇಂಗಾಲ ಮತ್ತು ಸಾರಜನಕದ ನಡುವೆ ಜೋಡಿ ಬಂಧ, ಆ ಸಾರಜನಕಕ್ಕೆ ಇನ್ನೊಂದು ಸಾರಜನಕ. ಹೈಡ್ರಜೋನ್ ಆಮ್ಲದಲ್ಲಿ ಬಿಚ್ಚಿಕೊಂಡು ಆಲ್ಡಿಹೈಡ್ ಕೊಡುತ್ತದೆ. ಇತ್ತ ಐಸೋನಿಯಾಜಿಡ್ಡಿನ ತುದಿಯಲ್ಲಿ ಹೈಡ್ರಜೈಡ್ ಗುಂಪು. ಆಲ್ಡಿಹೈಡ್ ಕಂಡರೆ ಬಿಡದೆ ಹಿಡಿಯುವ ಸಾರಜನಕ ಅದು. ವಿದ್ಯಾರ್ಥಿಗಳೆ, ನೀವು ಆಲ್ಡಿಹೈಡ್ ಪತ್ತೆಗೆ 2,4-ಡಿನಿಟ್ರೋಫೀನೈಲ್‌ಹೈಡ್ರಜೀನ್ ಹಾಕಿದಾಗ ಬರುವ ಕಿತ್ತಳೆ-ಹಳದಿ ಪ್ರಕ್ಷೇಪವನ್ನು ನೆನಪಿಸಿಕೊಳ್ಳಿ. ರೋಗಿಯ ಹೊಟ್ಟೆಯಲ್ಲಿ ನಡೆಯುವುದು ಅದೇ ಕ್ರಿಯೆ. ಜಠರದ ಆಮ್ಲ ರಿಫಾಂಪಿಸಿನ್ನಿನ ಹೈಡ್ರಜೋನನ್ನು ಬಿಚ್ಚುತ್ತದೆ. ಹೊರಬಂದ ಆಲ್ಡಿಹೈಡನ್ನು ಐಸೋನಿಯಾಜಿಡ್ ಹಿಡಿದು ಹೊಸ ಹೈಡ್ರಜೋನ್ ಆಗುತ್ತದೆ.

ಇಲ್ಲಿ ಸಣ್ಣದೊಂದು ತಿರುವಿದೆ, ನನಗೆ ಇಡೀ ಕಥೆಯಲ್ಲಿ ಬಹಳ ಇಷ್ಟವಾದದ್ದು. ಆ ಹೊಸ ಹೈಡ್ರಜೋನೂ ಆಮ್ಲದಲ್ಲಿ ನಿಲ್ಲುವುದಿಲ್ಲ. ನಿಧಾನವಾಗಿ ಬಿಚ್ಚಿಕೊಂಡು ಐಸೋನಿಯಾಜಿಡ್ಡನ್ನು ಮರಳಿ ಕೊಡುತ್ತದೆ. ಹೀಗಾಗಿ ಐಸೋನಿಯಾಜಿಡ್ಡಿನ ನಷ್ಟ ಕಡಿಮೆ, ರಿಫಾಂಪಿಸಿನ್ನಿನ ನಷ್ಟ ಹೆಚ್ಚು. ಕ್ರಿಯಾಗುಂಪುಗಳ ಹೆಸರು ನೋಡಿ ಇಬ್ಬರೂ ಸಮವಾಗಿ ಕರಗುತ್ತಾರೆ ಎಂದು ಲೆಕ್ಕ ಹಾಕಿದವರು ತಪ್ಪುತ್ತಾರೆ. ಕ್ಷಯದ ಚಿಕಿತ್ಸೆಯಲ್ಲಿ ರಿಫಾಂಪಿಸಿನ್ ಪ್ರಮಾಣ ಕುಸಿದರೆ ರೋಗ ಮರುಕಳಿಸುತ್ತದೆ, ಬಗ್ಗದ ರೋಗಾಣು ಮೇಲುಗೈ ಪಡೆಯುತ್ತದೆ. ಎರಡನ್ನೂ ಜಠರದಲ್ಲಿ ಒಟ್ಟಿಗೆ ಬಿಡುಗಡೆಯಾಗದಂತೆ ಬೇರೆ ಬೇರೆ ಪದರದಲ್ಲಿಡುವುದು, ಐಸೋನಿಯಾಜಿಡ್ಡಿಗೆ ಕರುಳಿನಲ್ಲಷ್ಟೇ ಕರಗುವ ಲೇಪ ಕೊಡುವುದು ಮುಂತಾದ ಉಪಾಯಗಳು ಈ ರಸಾಯನಶಾಸ್ತ್ರದಿಂದಲೇ ಹೊಳೆದವು. ಔಷಧ ಕಂಪನಿಗಳ ದೊಡ್ಡ ಲಾಭದ ಪಟ್ಟಿಯಲ್ಲಿ ಕ್ಷಯದ ಮಾತ್ರೆ ಇಲ್ಲ. ಅದಕ್ಕೇ ಸಾರ್ವಜನಿಕ ಸಂಸ್ಥೆಯೊಂದರಲ್ಲಿ ನಡೆದ ಈ ಕೆಲಸವನ್ನು ಒತ್ತಿ ಹೇಳುತ್ತಿದ್ದೇನೆ.

ಮಾತ್ರೆಯಲ್ಲಿ ಔಷಧವಲ್ಲದ ಪದಾರ್ಥಗಳೂ ಇರುತ್ತವೆ, ಅವಕ್ಕೂ ಕ್ರಿಯಾಗುಂಪುಗಳಿವೆ. ತುಂಬುವಸ್ತುವಾಗಿ ಬಳಸುವ ಲ್ಯಾಕ್ಟೋಸ್ ಹಾಲಿನ ಸಕ್ಕರೆ, ಅದರಲ್ಲಿ ಮರೆಮಾಚಿದ ಆಲ್ಡಿಹೈಡ್ ಇದೆ. ಅಮೀನ್ ಇರುವ ಔಷಧದ ಜೊತೆ ಅದು ಕೂಡಿ ಮಾತ್ರೆಯನ್ನು ಕಂದಾಗಿಸಬಲ್ಲದು. ಖಿನ್ನತೆಗೆ ಕೊಡುವ ಫ್ಲೂಆಕ್ಸೆಟಿನ್ ಲ್ಯಾಕ್ಟೋಸಿನ ಜೊತೆ ಹೀಗೆ ವರ್ತಿಸುವುದು 1998ರಲ್ಲಿ ಪ್ರಕಟವಾಯಿತು. ಅದರ ಅಮೀನ್, ಪಠ್ಯಪುಸ್ತಕ ಹೇಳುವ ಪ್ರಾಥಮಿಕ ಅಮೀನ್ ಅಲ್ಲ, ದ್ವಿತೀಯಕ.

ಟೆಟ್ರಾಸೈಕ್ಲಿನ್ ಬಗ್ಗೆಯೂ ಒಂದು ಮಾತು. ಅವಧಿ ಮೀರಿ ಕೆಟ್ಟ ಟೆಟ್ರಾಸೈಕ್ಲಿನ್ ತೆಗೆದುಕೊಂಡವರಲ್ಲಿ ಮೂತ್ರಪಿಂಡಕ್ಕೆ ಪೆಟ್ಟಾದ ವರದಿಗಳು 1963ರಲ್ಲಿ ಬಂದವು. ಅದರ ಆರನೆಯ ಇಂಗಾಲದ ಮೇಲಿರುವ ಹೈಡ್ರಾಕ್ಸಿಲ್ ಗುಂಪು ನೀರಾಗಿ ಕಳಚಿಕೊಂಡರೆ ಪಕ್ಕದಲ್ಲಿ ಹೊಸ ಬೆನ್ಜೀನ್ ಉಂಗುರ ಹುಟ್ಟುತ್ತದೆ, ಅಣುವಿಗೆ ಸ್ಥಿರತೆ ಸಿಗುತ್ತದೆ. ಇಂಥ ಲಾಭವಿರುವ ಕಡೆಗೆ ಅಣು ಜಾರದೆ ಇರುವುದಿಲ್ಲ. ನಾಲ್ಕನೆಯ ಇಂಗಾಲದ ಗುಂಪು ದಿಕ್ಕು ಬದಲಿಸಿದರೆ ಇನ್ನೂ ಕೆಟ್ಟ ವಸ್ತು. ಈಚೆಗೆ ಹೆಚ್ಚು ಬಳಕೆಯಲ್ಲಿರುವ ಡಾಕ್ಸಿಸೈಕ್ಲಿನ್‌ನಲ್ಲಿ ಆರನೆಯ ಇಂಗಾಲದ ಮೇಲೆ ಆ ಹೈಡ್ರಾಕ್ಸಿಲ್ಲೇ ಇಲ್ಲ, ಆದ್ದರಿಂದ ಆ ದಾರಿ ಅದಕ್ಕೆ ಮುಚ್ಚಿದೆ.

ದೇಹದೊಳಗಿನ ನೆರೆಗೆ ಪ್ಯಾರಾಸಿಟಮಾಲ್ ಒಳ್ಳೆಯ ಉದಾಹರಣೆ. ಕೋವಿಡ್ ಕಾಲದಲ್ಲಿ 650 ಮಿಲಿಗ್ರಾಂ ಮಾತ್ರೆ ಮನೆಮಾತಾಯಿತು. ಬೆನ್ಜೀನ್ ಉಂಗುರದ ಎದುರುಬದುರು ತುದಿಗಳಲ್ಲಿ ಒಂದು ಫೀನಾಲ್, ಒಂದು ಅಮೈಡ್. ಹೀಗೆ ಎದುರುಬದುರು ಇರುವುದರಿಂದ ಎರಡು ಇಲೆಕ್ಟ್ರಾನ್ ಕಳೆದುಕೊಂಡರೆ ಕ್ವಿನೋನ್-ಇಮೀನ್ ಎಂಬ ಹಸಿದ ಅಣುವಾಗಬಹುದು. ಪಕ್ಕಕ್ಕೆ ಒಂದು ಸ್ಥಾನ ಸರಿದಿದ್ದರೆ ನೇರವಾಗಿ ಹಾಗಾಗಲು ದಾರಿಯಿರಲಿಲ್ಲ. ಲಿವರಿನಲ್ಲಿ ಬಹುಪಾಲು ಪ್ಯಾರಾಸಿಟಮಾಲ್ ಸಕ್ಕರೆಯ ಆಮ್ಲದ ಜೊತೆ, ಸಲ್ಫೇಟಿನ ಜೊತೆ ಕೂಡಿ ಮೂತ್ರಕ್ಕೆ ಹೋಗುತ್ತದೆ. ಸ್ವಲ್ಪ ಭಾಗ ಮಾತ್ರ ಕ್ವಿನೋನ್-ಇಮೀನ್ ಆಗುತ್ತದೆ, ಅದನ್ನು ಗ್ಲುಟಾಥಯೋನ್ ಎಂಬ ಅಣುವಿನ ಗಂಧಕ ಹಿಡಿದು ಸುಮ್ಮನಾಗಿಸುತ್ತದೆ. ಪ್ರಮಾಣ ಮಿತಿ ಮೀರಿದರೆ ಗ್ಲುಟಾಥಯೋನ್ ಬರಿದಾಗುತ್ತದೆ. ಆಗ ಆ ಹಸಿದ ಅಣು ಲಿವರಿನ ಪ್ರೋಟೀನುಗಳ ಗಂಧಕವನ್ನೇ ಹಿಡಿಯುತ್ತದೆ. 1970ರ ದಶಕದಲ್ಲಿ ಅಮೆರಿಕದಲ್ಲಿ ಈ ದಾರಿ ತಿಳಿಯಾದೊಡನೆ ಮದ್ದೂ ಹೊಳೆಯಿತು: ಗಂಧಕವನ್ನು ಹೊರಗಿನಿಂದ ಕೊಡಬೇಕು. ಅಸಿಟೈಲ್‌ಸಿಸ್ಟೀನ್ ಆ ಮದ್ದು, ಎಂಟು ಗಂಟೆಯೊಳಗೆ ಕೊಟ್ಟರೆ ಬಹಳ ಚೆನ್ನಾಗಿ ಕಾಯುತ್ತದೆ. ದೊಡ್ಡವರಿಗೆ ದಿನಕ್ಕೆ 4 ಗ್ರಾಂ ಮೀರಬಾರದೆಂಬ ಎಚ್ಚರಿಕೆಯ ಹಿಂದೆ ಈ ಲೆಕ್ಕವಿದೆ.

ದೇಹವೆಂದರೆ ಯಾರ ದೇಹ ಎಂಬುದೂ ಪ್ರಶ್ನೆ. ಶಸ್ತ್ರಚಿಕಿತ್ಸೆಯಲ್ಲಿ ಸ್ನಾಯುಗಳನ್ನು ಸಡಿಲಿಸಲು ಕೊಡುವ ಸಕ್ಸಮೆಥೋನಿಯಂ ಎರಡು ಎಸ್ಟರುಗಳಿರುವ ಅಣು. ರಕ್ತದ ಬ್ಯುಟಿರೈಲ್‌ಕೋಲಿನ್‌ಎಸ್ಟರೇಸ್ ಕಿಣ್ವ ಅದನ್ನು ಕೆಲವೇ ನಿಮಿಷದಲ್ಲಿ ಒಡೆಯುತ್ತದೆ, ರೋಗಿ ತಾನೇ ಉಸಿರಾಡತೊಡಗುತ್ತಾರೆ. ಆ ಕಿಣ್ವ ಹುಟ್ಟಿನಿಂದಲೇ ಇಲ್ಲದವರಲ್ಲಿ ಸ್ನಾಯುಗಳು ಗಂಟೆಗಟ್ಟಲೆ ಸಡಿಲವಾಗಿಯೇ ಉಳಿಯಬಹುದು. ಅಷ್ಟು ಹೊತ್ತೂ ವೆಂಟಿಲೇಟರ್ ಬೇಕು. ಕರ್ನಾಟಕದಲ್ಲೂ ನೆಲೆಸಿರುವ ದಕ್ಷಿಣ ಭಾರತದ ಆರ್ಯವೈಶ್ಯ ಸಮುದಾಯದಲ್ಲಿ ಈ ಕೊರತೆ ಉಳಿದವರಿಗಿಂತ ಹೆಚ್ಚು ಕಾಣಿಸುವುದನ್ನು ವೈದ್ಯಕೀಯ ಸಾಹಿತ್ಯ ದಾಖಲಿಸಿದೆ. ಮನೆತನದಲ್ಲಿ ಯಾರಿಗಾದರೂ ಅರಿವಳಿಕೆಯ ನಂತರ ಉಸಿರಾಟ ತಡವಾಗಿತ್ತೆ ಎಂದು ಅರಿವಳಿಕೆ ವೈದ್ಯರು ಕೇಳಿದರೆ ಮುಚ್ಚುಮರೆಯಿಲ್ಲದೆ ಹೇಳಿ. ಅದು ಬಹಳ ಮುಖ್ಯವಾದ ಪ್ರಶ್ನೆ.

ಈಗ ಊಹೆ ಸೋತ ಕಥೆ. 2018ರ ಜುಲೈನಲ್ಲಿ ರಕ್ತದೊತ್ತಡದ ಔಷಧ ವಾಲ್ಸಾರ್ಟನ್ನಿನ ಹಲವು ಬ್ಯಾಚುಗಳನ್ನು ಯುರೋಪಿನಲ್ಲೂ ಅಮೆರಿಕದಲ್ಲೂ ಅಂಗಡಿಗಳಿಂದ ವಾಪಸು ಪಡೆದರು. ಅದರಲ್ಲಿ ಎನ್‌ಡಿಎಂಎ, ಅಂದರೆ ಡೈಮೀಥೈಲ್‌ನೈಟ್ರೋಸಮೀನ್, ಸಿಕ್ಕಿತ್ತು. ಇದು ಇಲಿಗಳ ಲಿವರಿನಲ್ಲಿ ಕ್ಯಾನ್ಸರ್ ತರುತ್ತದೆಂದು ಮಗೀ ಮತ್ತು ಬಾರ್ನ್ಸ್ 1956ರಲ್ಲೇ ತೋರಿಸಿದ್ದರು. ವಾಲ್ಸಾರ್ಟನ್ನಿನ ರಚನೆ ಎಷ್ಟು ತಿರುವಿ ನೋಡಿದರೂ ಡೈಮೀಥೈಲ್‌ಅಮೀನ್ ಕಾಣುವುದಿಲ್ಲ. ಹಾಗಿದ್ದರೆ ಅದು ಬಂದದ್ದೆಲ್ಲಿಂದ?

ತಯಾರಿಕೆಯ ಪಾತ್ರೆಯನ್ನು ನೋಡಬೇಕು. ವಾಲ್ಸಾರ್ಟನ್ನಿನಲ್ಲಿ ನಾಲ್ಕು ಸಾರಜನಕಗಳ ಟೆಟ್ರಜೋಲ್ ಉಂಗುರವಿದೆ. ನೈಟ್ರೈಲ್ ಗುಂಪಿನ ಮೇಲೆ ಅಜೈಡ್ ಹಾಕಿ ಆ ಉಂಗುರ ಕಟ್ಟುತ್ತಾರೆ. ಹೊಸ ವಿಧಾನವೊಂದರಲ್ಲಿ ಅಗ್ಗದ ಸೋಡಿಯಂ ಅಜೈಡನ್ನು ಡೈಮೀಥೈಲ್‌ಫಾರ್ಮಮೈಡ್ ಎಂಬ ದ್ರಾವಕದಲ್ಲಿ ಬಳಸಿದರು. ಉಳಿದ ಅಜೈಡ್ ವಿಷ, ಸಿಡಿಯಬಲ್ಲದು. ಅದನ್ನು ನಾಶ ಮಾಡಲು ಆಮ್ಲ ಮತ್ತು ಸೋಡಿಯಂ ನೈಟ್ರೈಟ್ ಸೇರಿಸಿದರು. ಸುರಕ್ಷತೆಗೆಂದೇ ಇಟ್ಟ ಹೆಜ್ಜೆ. ಆದರೆ ದ್ರಾವಕವೂ ಒಂದು ಅಮೈಡ್. ಕಾಯಿಸಿದರೆ ಅದರಲ್ಲಿ ಅಲ್ಪಸ್ವಲ್ಪ ಒಡೆದು ಡೈಮೀಥೈಲ್‌ಅಮೀನ್ ಬರುತ್ತದೆ. ಇಂಥ ದ್ವಿತೀಯಕ ಅಮೀನಿಗೆ, ಆಮ್ಲ ಮತ್ತು ನೈಟ್ರೈಟಿನಿಂದ ಹುಟ್ಟುವ ನೈಟ್ರಸ್ ಆಮ್ಲ ಸೇರಿದರೆ ಹಳದಿ ಎಣ್ಣೆಯಂಥ ನೈಟ್ರೋಸಮೀನ್ ಬರುತ್ತದೆಂದು ಪ್ರಾಯೋಗಿಕ ಪರೀಕ್ಷೆಯ ರೆಕಾರ್ಡ್ ಪುಸ್ತಕದಲ್ಲಿ ಎಷ್ಟು ತಲೆಮಾರಿನ ವಿದ್ಯಾರ್ಥಿಗಳು ಬರೆದಿಲ್ಲ! ಪ್ರಾಥಮಿಕ, ದ್ವಿತೀಯಕ, ತೃತೀಯಕ ಅಮೀನುಗಳನ್ನು ಬೇರ್ಪಡಿಸುವ ಹಳೆಯ ಪರೀಕ್ಷೆಯದು. ಜ್ಞಾನ ಇತ್ತು, ಅದನ್ನು ಔಷಧದ ಅಣುವಿಗೆ ಮಾತ್ರ ಕೇಳಿದರು, ದ್ರಾವಕಕ್ಕೆ ಕೇಳಲಿಲ್ಲ.

ಎನ್‌ಡಿಎಂಎ ಸಿಕ್ಕ ಮೇಲೆ ಅದಕ್ಕೆ ವಿಧಿಸಿದ ಮಿತಿ ದಿನಕ್ಕೆ 96 ನ್ಯಾನೋಗ್ರಾಂ. 320 ಮಿಲಿಗ್ರಾಂ ವಾಲ್ಸಾರ್ಟನ್ ಮಾತ್ರೆಗೆ ಹೋಲಿಸಿದರೆ ಹತ್ತು ಲಕ್ಷದಲ್ಲಿ 0.3 ಪಾಲು. ಮಾಮೂಲಿ ಶುದ್ಧತೆಯ ಪರೀಕ್ಷೆಗೆ ಅಷ್ಟು ಕಡಿಮೆ ಪ್ರಮಾಣ ಕಾಣುವುದೇ ಇಲ್ಲ. ಮಾಸ್ ಸ್ಪೆಕ್ಟ್ರೋಮೀಟರಿನಿಂದ ಅದನ್ನೇ ಹುಡುಕಬೇಕು. ಹುಡುಕಬೇಕೆಂದು ಹೇಳಲು ಯಾರಾದರೂ ಮೊದಲು ಊಹಿಸಿರಬೇಕು. ಹಾಗಾಗಿ ಊಹೆ ಇಲ್ಲಿ ಪ್ರಯೋಗದ ಬದಲಿಗೆ ಬರುವಂಥದ್ದಲ್ಲ, ಯಾವ ಪ್ರಯೋಗ ಮಾಡಬೇಕೆಂದು ತೋರಿಸುವಂಥದ್ದು. ಅದರ ನಂತರ ನಿಯಂತ್ರಣ ಸಂಸ್ಥೆಗಳು ತಯಾರಕರಿಂದ ಔಷಧ, ದ್ರಾವಕ, ಕಾರಕ, ತುಂಬುವಸ್ತು ಎಲ್ಲದರಲ್ಲೂ ಅಮೀನ್ ಎಲ್ಲಿಂದ, ನೈಟ್ರೈಟ್ ಎಲ್ಲಿಂದ ಬರಬಹುದೆಂಬ ವಿಶ್ಲೇಷಣೆ ಕೇಳತೊಡಗಿದವು. ಮಾತ್ರೆಯ ತುಂಬುವಸ್ತುಗಳಲ್ಲೇ ನೈಟ್ರೈಟಿನ ಜಾಡು ಇರುವುದು ಈಗ ಚೆನ್ನಾಗಿ ಗೊತ್ತಿದೆ. ಅದನ್ನು ಹಿಡಿದುಹಾಕಲು ವಿಟಮಿನ್ ಸಿ ಸೇರಿಸಬಹುದೆ ಎಂಬ ಪ್ರಯೋಗಗಳೂ ನಡೆದಿವೆ.

ಕಂಪ್ಯೂಟರಿಗೆ ಬರೋಣ. ಹಾರ್ವರ್ಡಿನ ಇ. ಜೆ. ಕೋರಿ ಮತ್ತು ಟಾಡ್ ವಿಪ್ಕೆ 1969ರಲ್ಲಿ, ಅಣುವನ್ನು ಹೇಗೆ ಕಟ್ಟಬಹುದೆಂದು ಯೋಚಿಸುವ ಪ್ರೋಗ್ರಾಮನ್ನು ಪ್ರಕಟಿಸಿದರು. ಕೋರಿಯವರಿಗೆ 1990ರಲ್ಲಿ ನೊಬೆಲ್ ಸಂದಿತು. ಅದೇ ದಾರಿಯಲ್ಲಿ, ಅಣು ಹೇಗೆ ಕೆಡುತ್ತದೆ, ಲಿವರಿನಲ್ಲಿ ಏನಾಗುತ್ತದೆ ಎಂದು ಪಟ್ಟಿ ಕೊಡುವ ಪ್ರೋಗ್ರಾಮುಗಳೂ ಬಂದವು. ಅನುಭವಿಗಳ ನಿಯಮಗಳನ್ನು ಒಂದೊಂದಾಗಿ ಬರೆದಿಟ್ಟ ಕೆಲಸ ಅದು. ಈಗಿನ ಯಂತ್ರಕಲಿಕೆಯ ಮಾದರಿಗಳು ಅಮೆರಿಕದ ಪೇಟೆಂಟುಗಳಿಂದ ತೆಗೆದ ಲಕ್ಷಗಟ್ಟಲೆ ಕ್ರಿಯೆಗಳನ್ನು ಓದಿ ತಾವೇ ಕಲಿಯುತ್ತವೆ. ಇವುಗಳ ಬಗ್ಗೆ ನನಗೆ ಗೌರವವಿದೆ. ನಮ್ಮ ಸಣ್ಣ ಪ್ರಯೋಗಾಲಯಗಳಿಗೆ ಇವು ಕೈಗೆಟುಕುವಂತಾದರೆ ದೊಡ್ಡ ಬಲ. ಆದರೆ ಪೇಟೆಂಟಿನಲ್ಲಿ ದಾಖಲಾಗುವುದು ಬಯಸಿ ಮಾಡಿ ಫಲಿಸಿದ ಕ್ರಿಯೆ. ಒದ್ದೆ ಗೋಡೌನಿನಲ್ಲಿ ಮೂರು ತಿಂಗಳಿಗೆ ಮಾತ್ರೆ ಕಂದಾದದ್ದು, ಹತ್ತು ಲಕ್ಷದಲ್ಲಿ ಅರ್ಧ ಪಾಲು ಬೇಡದ ವಸ್ತು ಹುಟ್ಟಿದ್ದು ಪೇಟೆಂಟಿಗೆ ಬರುವುದಿಲ್ಲ. ಓದಿದ್ದರಲ್ಲಿ ಇಲ್ಲದ್ದನ್ನು ಯಂತ್ರ ಹೇಗೆ ಊಹಿಸೀತು? ಪೆನಿಸಿಲಿನ್ನಿನ ವಿವಾದದಲ್ಲಿ ಕಂಡ ತೊಡಕೇ ಇದು.

ಔಷಧವನ್ನು 40 ಡಿಗ್ರಿ ಸೆಲ್ಸಿಯಸ್, ಶೇಕಡಾ 75 ತೇವದಲ್ಲಿ ಆರು ತಿಂಗಳು ಇಟ್ಟು ನೋಡುವುದು, ಆಮ್ಲ, ಕ್ಷಾರ, ಹೈಡ್ರೋಜನ್ ಪೆರಾಕ್ಸೈಡ್, ಬೆಳಕು ಇವುಗಳ ಎದುರಿಗೆ ಬಲವಂತವಾಗಿ ಕೆಡಿಸಿ ನೋಡುವುದು ಎಲ್ಲ ಕಾರ್ಖಾನೆಗಳಲ್ಲೂ ನಡೆಯುವ ಕೆಲಸ. ಅಧ್ಯಾಪಕರೆ, ಬೆಂಗಳೂರಿನ ಸುತ್ತಮುತ್ತ ಇದೇ ಕೆಲಸದಲ್ಲಿರುವ ನಿಮ್ಮ ಹಳೆಯ ವಿದ್ಯಾರ್ಥಿಗಳು ಎಷ್ಟೋ ಮಂದಿ. ಅವರ ಫಲಿತಾಂಶಗಳಲ್ಲಿ ಹೆಚ್ಚಿನವು ಕಂಪನಿಯ ಕಡತದಲ್ಲೇ ಉಳಿಯುತ್ತವೆ. ಪೇಟೆಂಟ್ ಮುಗಿದ ಹಳೆಯ ಔಷಧಗಳ ಮಟ್ಟಿಗಾದರೂ ಅವನ್ನು ಸಾರ್ವಜನಿಕಗೊಳಿಸಬೇಕೆಂದು ಈ ವೇದಿಕೆಯಿಂದ ಕೇಳುತ್ತೇನೆ. ಯಾವುದು ಕೆಡುತ್ತದೆ ಎಂಬ ತಿಳುವಳಿಕೆ ಒಬ್ಬರ ಸ್ವತ್ತಾಗಿ ಉಳಿದರೆ ಮತ್ತೊಬ್ಬರ ರೋಗಿಗೆ ತೊಂದರೆ.

ಅಧ್ಯಾಪಕ ಮಿತ್ರರಲ್ಲಿ ನನ್ನ ಕೋರಿಕೆ ಇಷ್ಟು. ಫೆರಿಕ್ ಕ್ಲೋರೈಡ್ ಪರೀಕ್ಷೆಯನ್ನು ಆಸ್ಪಿರಿನ್ ಮಾತ್ರೆಯ ಜೊತೆ ಕಲಿಸಿ; ಡಿನಿಟ್ರೋಫೀನೈಲ್‌ಹೈಡ್ರಜೀನ್ ಪರೀಕ್ಷೆಯ ದಿನ ಕ್ಷಯದ ಸಂಯುಕ್ತ ಮಾತ್ರೆಯ ರಚನೆಗಳನ್ನು ಹಲಗೆಯ ಮೇಲೆ ಬರೆಯಿರಿ; ನೈಟ್ರಸ್ ಆಮ್ಲದ ಪಾಠದಲ್ಲಿ ವಾಲ್ಸಾರ್ಟನ್ನಿನ ಪಾತ್ರೆಯನ್ನು ಚಿತ್ರಿಸಿ. ಬಾಯಿಪಾಠದ ಬಣ್ಣ ಮತ್ತು ಪ್ರಕ್ಷೇಪಗಳು ಆಗ ಪ್ರಶ್ನೆ ಕೇಳುವ ಸಾಧನಗಳಾಗುತ್ತವೆ.

ವಿದ್ಯಾರ್ಥಿಗಳಿಗೆ ಒಂದು ಮನೆಗೆಲಸ ಕೊಟ್ಟು ಮುಗಿಸುತ್ತೇನೆ. ಅಸಿಡಿಟಿಗೆ ವರ್ಷಗಟ್ಟಲೆ ಎಲ್ಲರೂ ನುಂಗಿದ ರಾನಿಟಿಡಿನ್ನಿನ ರಚನೆಯನ್ನು ಬರೆದುಕೊಳ್ಳಿ. ಒಂದು ತುದಿಯಲ್ಲಿ ಎರಡು ಮೀಥೈಲ್ ಹೊತ್ತ ಸಾರಜನಕ, ಇನ್ನೊಂದು ತುದಿಯಲ್ಲಿ ನೈಟ್ರೋ ಗುಂಪು, ನಡುವೆ ಫ್ಯೂರಾನ್ ಉಂಗುರ ಮತ್ತು ಒಂದು ಗಂಧಕ. ಬಿಸಿ ಅಥವಾ ತೇವ ತಾಗಿದಾಗ ಇವು ತಮ್ಮತಮ್ಮಲ್ಲಿ, ಪಕ್ಕದ ಅಣುವಿನೊಡನೆ ಏನು ಮಾಡಿಕೊಳ್ಳಬಹುದೆಂದು ನಿಮ್ಮದೇ ಬಾಣಗಳನ್ನು ಎಳೆಯಿರಿ. ಅದಾದ ಮೇಲೆ, 2019ರ ಸೆಪ್ಟೆಂಬರಿನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಪ್ರಕಟಿಸಿದ ಎಚ್ಚರಿಕೆಯನ್ನೂ 2020ರ ಏಪ್ರಿಲಿನಲ್ಲಿ ಆ ಔಷಧವನ್ನು ಅಲ್ಲಿನ ಮಾರುಕಟ್ಟೆಯಿಂದ ತೆಗೆಯಲು ಅದು ಹೇಳಿದ ಕಾರಣವನ್ನೂ ಓದಿ, ನಿಮ್ಮ ಹಾಳೆಯ ಪಕ್ಕದಲ್ಲಿಟ್ಟು ನೋಡಿ. ಹಾಳೆಗಳನ್ನು ನಿಮ್ಮ ಮೇಷ್ಟ್ರ ಕೈಗೆ ಕೊಟ್ಟರೆ ನಾನೂ ತರಿಸಿಕೊಂಡು ಓದುತ್ತೇನೆ.